ಪಿಯೇರ್ ಸೆರೆಸೋಲರ ಸಲಿಕೆಯ ಸೇವೆ

ಲೋಕವೆಲ್ಲವೂ ಒಂದೇ ಕುಟುಂಬವೆಂಬ ಸೂಕ್ತಿಯನ್ನು ಸಂಸ್ಕೃತವನ್ನು ಅಲ್ಪಸ್ವಲ್ಪ ಓದಿದವರೂ ಬಲ್ಲರು. ಸಭೆಗಳಲ್ಲಿ ಅದನ್ನು ಉದ್ಧರಿಸದ ಭಾಷಣಕಾರರು ವಿರಳ. ಆದರೆ ಹಿತೋಪದೇಶದಲ್ಲಿ ಆ ಮಾತು ಯಾರ ಬಾಯಿಂದ ಹೊರಟಿದೆಯೆಂಬುದನ್ನು ನೆನೆಯುವವರು ಕಡಮೆ. ಜಿಂಕೆಯ ಮಾಂಸಕ್ಕೆ ಬಾಯಿ ನೀರೂರಿದ ಕ್ಷುದ್ರಬುದ್ಧಿಯೆಂಬ ನರಿಯು, ತನ್ನ ಸ್ನೇಹವನ್ನು ಸಂದೇಹಿಸಿದ ಕಾಗೆಯ ಬಾಯನ್ನು ಮುಚ್ಚಿಸುವುದಕ್ಕಾಗಿ ಅಲ್ಲಿ ಆ ನೀತಿಯನ್ನು ಹೇಳುತ್ತದೆ. ಗ್ರಂಥಕರ್ತನು ಇದನ್ನು ತಿಳಿಯದೆ ಮಾಡಿರಲಾರನು. ಸೂಕ್ತಿಯು ಸುಳ್ಳಲ್ಲ; ಆದರೆ ಅದನ್ನು ಆಡುವುದು ಸುಲಭ, ಆಡಿದವನ ನಡತೆಯಿಂದಲ್ಲದೆ ಅದರ ಬೆಲೆಯನ್ನು ಕಟ್ಟಲಾಗದು ಎಂಬುದೇ ಅವನ ಅಭಿಪ್ರಾಯವಾಗಿ ತೋರುತ್ತದೆ.

ಈಗ ವಿಶ್ವಪೌರತ್ವವೆಂಬ ಹೆಸರಿನಲ್ಲಿ ಇದೇ ಮಾತು ವಿದ್ಯಾಲಯಗಳಲ್ಲಿ ಮತ್ತೆ ಕೇಳಿಬರುತ್ತಿದೆ. ತರುಣರು ಪರದೇಶಗಳಿಗೆ ಹೋಗಿ ಕೆಲವು ಕಾಲ ಸ್ವಯಂಸೇವೆ ಮಾಡಬೇಕು, ಆ ಸೇವೆಯೇ ಅವರಿಗೆ ಪಾಠವಾಗಬೇಕು ಎಂದು ವಿದ್ವಾಂಸರು ಹೇಳುತ್ತಿರುವರು. ಈ ಪದ್ಧತಿಯ ಮೂಲಪುರುಷರಲ್ಲಿ ಒಬ್ಬರು ಸ್ವಿಟ್ಜರ್ಲೆಂಡಿನ ಪಿಯೇರ್ ಸೆರೆಸೋಲರು. ಅವರು ನಮ್ಮ ದೇಶಕ್ಕೂ ಬಂದು ಬಿಹಾರದ ಮಣ್ಣನ್ನು ಅಗೆದವರು. ಅವರ ಚರಿತ್ರೆಯನ್ನು ನೋಡಿದರೆ, ಇಂತಹ ಸೇವೆಯಿಂದ ಯಾರು ಏನನ್ನು ಕಲಿಯಬಹುದು, ಎಲ್ಲಿ ಅದು ಕೆಡುತ್ತದೆ ಎಂಬುದು ವಿಶದವಾಗುವುದು.

ಸೆರೆಸೋಲರು ೧೮೭೯ರಲ್ಲಿ ಲೋಸಾನ್ ಪಟ್ಟಣದಲ್ಲಿ ಜನಿಸಿದರು. ಅವರ ತಂದೆ ಪೌಲ್ ಸೆರೆಸೋಲರು ೧೮೭೩ರಲ್ಲಿ ಸ್ವಿಸ್ ಒಕ್ಕೂಟದ ಅಧ್ಯಕ್ಷರಾಗಿದ್ದವರು. ಮಗನು ಜ್ಯೂರಿಕ್ಕಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಿ, ಅಮೆರಿಕ, ಹವಾಯಿ, ಜಪಾನುಗಳಲ್ಲಿ ಕೆಲಸ ಮಾಡುತ್ತ ಲೋಕಸಂಚಾರ ಮಾಡಿದನು. ೧೯೧೪ರಲ್ಲಿ ಯೂರೋಪಿನ ಮಹಾಯುದ್ಧವು ಆರಂಭವಾದಾಗ ಸ್ವದೇಶಕ್ಕೆ ಮರಳಿದ ಅವರ ಮನಸ್ಸು ಕಲಕಿಹೋಯಿತು. ಕ್ರಿಸ್ತನ ಉಪದೇಶವನ್ನು ಒಪ್ಪಿದ ಜನಾಂಗಗಳೇ ಒಂದನ್ನೊಂದು ಕೊಲ್ಲುತ್ತಿರುವಾಗ ತಾವು ಸುಮ್ಮನಿರುವುದು ಹೇಗೆಂದು ಅವರು ಚಿಂತಿಸಿದರು. ಪಿತ್ರಾರ್ಜಿತ ಧನವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. ಸೈನ್ಯದ ತೆರಿಗೆಯನ್ನು ಕೊಡಲು ಒಪ್ಪದೆ ೧೯೧೭ರಲ್ಲಿ ಸೆರೆಮನೆಗೆ ಹೋದರು. ಅಧ್ಯಕ್ಷರ ಮಗನು ತನ್ನ ದೇಶದ ಕಾನೂನನ್ನು ಮೀರಿ ಬಂಧಿಯಾದುದು ಆ ನಾಡಿನಲ್ಲಿ ಸಾಮಾನ್ಯವಾದ ಸಂಗತಿಯಲ್ಲ.

ಯುದ್ಧವು ಬೇಡವೆಂದು ಹೇಳುವವರನ್ನು ಲೋಕವು ಹೇಡಿಗಳೆಂದು ಕರೆಯುವುದು ವಾಡಿಕೆ. ಸೈನಿಕನು ಪ್ರಾಣವನ್ನು ಪಣವಾಗಿಡುವನು. ಶಾಂತಿವಾದಿಯು ಏನನ್ನು ಕೊಡುವನು? ಈ ಪ್ರಶ್ನೆಗೆ ವಾದದಿಂದ ಉತ್ತರ ಸಾಲದೆಂದು ಸೆರೆಸೋಲರು ಕಂಡುಕೊಂಡರು. ೧೯೧೯ರಲ್ಲಿ ಹಾಲೆಂಡಿನ ಬಿಲ್ತೋವನ್ ಎಂಬ ಊರಿನಲ್ಲಿ ಯುದ್ಧವಿರೋಧಿಗಳಾದ ಕ್ರೈಸ್ತರು ನಾನಾ ದೇಶಗಳಿಂದ ಬಂದು ಸೇರಿದ್ದರು. ಅಂತಹ ಸಭೆಗಳಿಂದ ಹುಟ್ಟಿದ ಕಾರ್ಯಗಳಲ್ಲಿ ಒಂದೆಂದರೆ, ಯುದ್ಧದಿಂದ ಹಾಳಾದ ನೆಲದಲ್ಲಿ ಶತ್ರುದೇಶಗಳವರು ಜತೆಯಾಗಿ ದುಡಿಯುವುದು. ೧೯೨೦ರ ಚಳಿಗಾಲದಲ್ಲಿ ಸೆರೆಸೋಲರು ಕೆಲವೇ ಜನ ಸಂಗಡಿಗರೊಡನೆ ಫ್ರಾನ್ಸಿನ ಎಸ್ನ್ ಎಂಬ ಹಳ್ಳಿಗೆ ಹೋದರು. ಅದು ವೆರ್ದನ್ನಿನ ಬಳಿಯದು. ೧೯೧೬ರಲ್ಲಿ ಹತ್ತು ತಿಂಗಳ ಕಾಲ ನಡೆದ ಕದನದಲ್ಲಿ ಅಲ್ಲಿನ ಮನೆಗಳೆಲ್ಲ ನೆಲಸಮವಾಗಿದ್ದವು. ಹೊಲಗಳಲ್ಲಿ ಗುಂಡುಗಳೂ ಮುಳ್ಳುತಂತಿಯೂ ಹೂತುಹೋಗಿದ್ದವು. ಆ ತಂಡದಲ್ಲಿ ಜರ್ಮನರೂ ಇದ್ದರು. ತಮ್ಮ ದೇಶದ ಫಿರಂಗಿಗಳು ಕೆಡವಿದ ಊರಿನಲ್ಲಿ ಅವರು ಸಂಬಳವಿಲ್ಲದೆ ಹಲಗೆಯ ಮನೆಗಳನ್ನು ಕಟ್ಟಿದರು, ಅವಶೇಷಗಳನ್ನು ತೆಗೆದರು.

ಈ ಕೆಲಸವು ಬಹುಕಾಲ ನಡೆಯಲಿಲ್ಲ. ಜರ್ಮನರು ಆ ನೆಲದಲ್ಲಿರುವುದು ಅಲ್ಲಿನ ಅಧಿಕಾರಿಗಳಿಗೆ ಹಿಡಿಸದೆ, ೧೯೨೧ರ ವಸಂತದಲ್ಲಿ ತಂಡವು ಹೊರಡಬೇಕಾಯಿತು. ಲೆಕ್ಕಕ್ಕೆ ತೆಗೆದುಕೊಂಡರೆ ಇದು ಸೋಲು. ಆದರೆ ಒಂದು ಅರ್ಥ ಇದರಿಂದ ಸ್ಪಷ್ಟವಾಗುತ್ತದೆ: ಸೇವೆಯನ್ನು ಮಾಡಲು ಬಂದವನಿಗೆ ಇರುವಂತೆಯೇ, ಅದನ್ನು ಒಪ್ಪಲು ಅಥವಾ ನಿರಾಕರಿಸಲು ನೊಂದವನಿಗೂ ಹಕ್ಕುಂಟು. ಮಗನನ್ನು ಕಳೆದುಕೊಂಡ ರೈತನು ಜರ್ಮನನ ಕೈಯಿಂದ ಇಟ್ಟಿಗೆಯನ್ನು ತೆಗೆದುಕೊಳ್ಳಲಾರದೆಹೋದರೆ ಅದು ಅವನ ತಪ್ಪೆಂದು ಹೇಳಲು ಯಾರಿಗೆ ಬಾಯಿ ಬರುತ್ತದೆ?

ಮುಂದೆ ಸೆರೆಸೋಲರು ಕೆಲಸವನ್ನು ತಮ್ಮ ನಾಡಿನಿಂದಲೇ ಮತ್ತೆ ಆರಂಭಿಸಿದರು. ೧೯೨೪ರಲ್ಲಿ ಆಲ್ಪ್ಸ್ ಪರ್ವತದ ಹಿಮಪಾತಕ್ಕೆ ಸಿಕ್ಕಿದ ಒಂದು ಊರನ್ನು ಸ್ವಯಂಸೇವಕರು ಶುಚಿಗೊಳಿಸಿದರು. ಇಲ್ಲೊಂದು ಸ್ವಾರಸ್ಯವಿದೆ. ಈ ಶಿಬಿರಗಳಲ್ಲಿ ಅವರಿಗೆ ನೆರವಾದವರು ಅವರ ಸೋದರ ಅರ್ನೆಸ್ತ್. ಅವರು ಸ್ವಿಸ್ ಸೈನ್ಯದಲ್ಲಿ ಕರ್ನಲ್ ಆಗಿದ್ದವರು. ಸೈನ್ಯವನ್ನು ಒಪ್ಪದ ಅಣ್ಣತಮ್ಮಂದಿರಲ್ಲೊಬ್ಬನೂ ಸೈನ್ಯದಲ್ಲಿಯೇ ಇದ್ದ ಇನ್ನೊಬ್ಬನೂ ಸಲಿಕೆಯ ಕೆಲಸದಲ್ಲಿ ಒಂದಾದರು. ಶಿಬಿರದ ಶಿಸ್ತು ಸೈನಿಕರ ಶಿಸ್ತಿನಂತೆಯೇ ಇತ್ತು: ಬೆಳಗಿನ ಹೊತ್ತಿಗೆ ಏಳುವುದು, ನಾಯಕನ ಮಾತನ್ನು ಕೇಳುವುದು, ಊಟ ವಸತಿಗಳ ಹೊರತು ಪ್ರತಿಫಲವಿಲ್ಲದಿರುವುದು. ಕೂಲಿಯಿಂದ ಬದುಕುವವರ ಅನ್ನಕ್ಕೆ ಅಡ್ಡಬರುವ ಕೆಲಸವನ್ನು ಕೈಕೊಳ್ಳಬಾರದೆಂಬುದು ಒಂದು ಮುಖ್ಯ ನಿಯಮ. ಮಾತು ಬೇಡ, ಕೆಲಸ ಬೇಕು ಎಂಬುದು ಅವರ ಧ್ಯೇಯ. ಮುರಿದ ಕತ್ತಿಯ ಮೇಲೆ ಸಲಿಕೆಯಿರುವ ಚಿತ್ರವು ಅವರ ಲಾಂಛನವಾಯಿತು.

೧೯೨೭ರ ಸೆಪ್ಟೆಂಬರಿನಲ್ಲಿ ರೈನ್ ನದಿಯು ಕಟ್ಟೆಯನ್ನು ಒಡೆದು ಲೀಚ್ಟೆನ್‌ಸ್ಟೈನ್ ಎಂಬ ಪುಟ್ಟ ಸಂಸ್ಥಾನದ ಹೊಲಗಳನ್ನು ಮರಳು ಜಲ್ಲಿಗಳಿಂದ ಮುಚ್ಚಿತು. ಮರುವರ್ಷ ಅಲ್ಲಿ ಇಪ್ಪತ್ತರಷ್ಟು ದೇಶಗಳ ಸುಮಾರು ೭೦೦ ಜನರು ಸರದಿಯಂತೆ ಬಂದು ದುಡಿದರು. ೧೯೩೧ರಲ್ಲಿ ವೇಲ್ಸ್ ಪ್ರಾಂತದ ಬ್ರಿನ್ಮಾರ್ ಎಂಬ ಊರಿನಲ್ಲಿ, ಗಣಿಗಳು ನಿಂತು ಕೆಲಸವಿಲ್ಲದೆ ಕುಳಿತ ಜನರೊಡನೆ ಸೇರಿ ಈಜುಕೊಳವನ್ನೂ ಉದ್ಯಾನವನ್ನೂ ಮಾಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ದುಂಡುಮೇಜಿನ ಪರಿಷತ್ತನ್ನು ಮುಗಿಸಿಕೊಂಡು ಹಿಂದಿರುಗುತ್ತಿದ್ದ ಗಾಂಧೀಜಿಯವರು ರೋಮಾ ರೋಲಾರ ಅತಿಥಿಗಳಾಗಿ ಸ್ವಿಟ್ಜರ್ಲೆಂಡಿನಲ್ಲಿ ತಂಗಿದರು. ಆಗ ಸೆರೆಸೋಲರಿಗೆ ಅವರ ಪರಿಚಯವಾಯಿತು.

ಈ ಪರಿಚಯಕ್ಕೆ ಎರಡು ವರ್ಷ ತುಂಬಿದ ಮೇಲೆ, ೧೯೩೪ರ ಜನವರಿ ೧೫ರ ಮಧ್ಯಾಹ್ನ, ಬಿಹಾರ ನೇಪಾಳಗಳಲ್ಲಿ ಭೂಮಿ ನಡುಗಿತು. ಬಿಹಾರದಲ್ಲಿ ೭,೦೦೦ಕ್ಕೂ ನೇಪಾಳದಲ್ಲಿ ೮,೦೦೦ಕ್ಕೂ ಮಿಕ್ಕ ಜನರು ಸತ್ತರು. ಮುಂಗೇರ್ ಪಟ್ಟಣವು ಇಟ್ಟಿಗೆಯ ರಾಶಿಯಾಯಿತು. ಗಂಗೆಯ ಉತ್ತರಕ್ಕೆ ನೆಲವು ಬಾಯಿಬಿಟ್ಟು ನೀರನ್ನೂ ಮರಳನ್ನೂ ಕಾರಿತು. ಬಾವಿಗಳು ಹೂತುಹೋದವು, ಹೊಲಗಳು ಮರಳುಗಾಡಾದವು. ಸಕ್ಕರೆಯ ಕಾರ್ಖಾನೆಗಳು ಮುರಿದುದರಿಂದ ಬೆಳೆದುನಿಂತ ಕಬ್ಬಿಗೆ ಗತಿಯಿಲ್ಲವಾಯಿತು. ನೆಲದ ಏರುತಗ್ಗುಗಳೇ ಬದಲಾಗಿ, ಮಳೆಗಾಲದಲ್ಲಿ ನೀರು ಹೊಸ ದಾರಿಗಳನ್ನು ಹಿಡಿದು ತಗ್ಗಿನ ಹಳ್ಳಿಗಳನ್ನು ನುಗ್ಗಿತು. ಆಗ ಬಂಧನದಲ್ಲಿದ್ದ ಬಾಬು ರಾಜೇಂದ್ರಪ್ರಸಾದರನ್ನು ಸರ್ಕಾರವು ಕೆಲವೇ ದಿನಗಳಲ್ಲಿ ಬಿಡುಗಡೆ ಮಾಡಿತು. ಅವರು ಬಿಹಾರ ಕೇಂದ್ರ ಪರಿಹಾರ ಸಮಿತಿಯನ್ನು ಕಟ್ಟಿದರು. ಜವಾಹರಲಾಲರು ಮುಂಗೇರಿನಲ್ಲಿ ಸ್ವತಃ ಗುದ್ದಲಿ ಹಿಡಿದರು. ಹೀಗೆ, ಪರದೇಶದವರು ಬರುವುದಕ್ಕೆ ಮೊದಲೇ ದೇಶದ ಜನರು ಕೆಲಸಕ್ಕೆ ತೊಡಗಿದ್ದರು ಎಂಬುದನ್ನು ಮರೆಯಬಾರದು.

ಸೆರೆಸೋಲರು ಆ ವರ್ಷವೇ ಭಾರತಕ್ಕೆ ಬಂದು ಸ್ಥಿತಿಯನ್ನು ನೋಡಿ, ಮತ್ತೆ ಯೂರೋಪಿಗೆ ಹೋಗಿ ಕೆಲವು ಸಂಗಡಿಗರನ್ನು ಕರೆತಂದರು. ಅವರಲ್ಲಿ ಇಂಗ್ಲಿಷರೂ ಇದ್ದರು. ಇಂಗ್ಲಿಷರ ಆಳ್ವಿಕೆಯನ್ನು ನಮ್ಮ ಜನರು ಎದುರಿಸುತ್ತಿದ್ದ ಕಾಲವದು. ಒಂದು ಕಡೆ ಕಾಂಗ್ರೆಸ್ಸಿನವರ ಪರಿಹಾರ ಸಮಿತಿ, ಇನ್ನೊಂದು ಕಡೆ ಸರ್ಕಾರದ ಅಧಿಕಾರಿಗಳು. ಇವರಿಬ್ಬರೊಡನೆಯೂ ಸಹಕರಿಸಿ ಕೆಲಸಮಾಡುವುದೆಂದು ಸೆರೆಸೋಲರು ನಿಶ್ಚಯಿಸಿದರು. ಮುಜಫರಪುರದ ಸೀಮೆಯಲ್ಲಿ, ನೀರು ನಿಲ್ಲುವ ತಗ್ಗಿನಲ್ಲಿದ್ದ ಹಳ್ಳಿಗಳನ್ನು ಎತ್ತರದ ನೆಲದಲ್ಲಿ ಹೊಸದಾಗಿ ಕಟ್ಟುವುದು ಅವರು ವಹಿಸಿಕೊಂಡ ಕಾರ್ಯ. ಹಳ್ಳಿಯವರು ಕಟ್ಟುವವರು, ಇವರು ಜತೆಗಾರರು. ಹಾಗೆ ಎದ್ದ ಒಂದು ಊರಿಗೆ ಶಾಂತಿಪುರವೆಂದು ಹೆಸರಾಯಿತು. ಈ ಕೆಲಸವು ೧೯೩೭ರ ವರೆಗೆ ನಡೆಯಿತು. ಮುಂದೆ ೧೯೫೦ರಲ್ಲಿ ಭಾರತದ ರಾಷ್ಟ್ರಪತಿಗಳಾದ ರಾಜೇಂದ್ರಪ್ರಸಾದರೂ, ಹಿಂದೆ ಸ್ವಿಸ್ ಅಧ್ಯಕ್ಷರಾಗಿದ್ದವರ ಮಗನೂ ಕೆಸರಿನ ಹಳ್ಳಿಯೊಂದರ ಕಾರ್ಯದಲ್ಲಿ ಸೇರಿದುದು ಇತಿಹಾಸದ ಒಂದು ಮನೋಹರ ಸಂಧಿ.

ಇಲ್ಲಿ ವಿಚಾರವಂತರು ಒಂದು ಆಕ್ಷೇಪವನ್ನು ತರಬಹುದು. ನಾಲ್ವರು ಯೂರೋಪಿಯನ್ನರ ಹಡಗಿನ ವೆಚ್ಚದಿಂದ ಬಿಹಾರದಲ್ಲಿ ಎಷ್ಟೋ ಕೂಲಿಯವರಿಗೆ ತಿಂಗಳುಗಟ್ಟಲೆ ಕೆಲಸವನ್ನು ಕೊಡಬಹುದಾಗಿತ್ತಲ್ಲವೆ? ಆ ಕೂಲಿಯವರು ಬಿಸಿಲಿಗೆ ಒಗ್ಗಿದವರು, ಮಣ್ಣನ್ನು ಬಲ್ಲವರು. ಐವತ್ತೈದು ವರ್ಷ ವಯಸ್ಸಿನ ಸ್ವಿಸ್ ಇಂಜಿನಿಯರನಿಗಿಂತ ಹೆಚ್ಚು ಬುಟ್ಟಿ ಮಣ್ಣನ್ನು ಹೊರಬಲ್ಲವರು. ಈ ಆಕ್ಷೇಪವು ನ್ಯಾಯವಾದುದು. ಇದನ್ನು ಉದಾತ್ತವಾದ ಮಾತುಗಳಿಂದ ಮರೆಮಾಚಬಾರದು. ಹೊತ್ತ ಮಣ್ಣಿನ ಲೆಕ್ಕದಿಂದ ಪರದೇಶದ ಸ್ವಯಂಸೇವಕನು ಪ್ರಾಯಶಃ ಎಂದಿಗೂ ತನ್ನ ಖರ್ಚನ್ನು ತೀರಿಸಲಾರನು.

ಹಾಗಾದರೆ ಲಾಭವೆಲ್ಲಿ? ಬಿಳಿಯ ಬಣ್ಣದವರನ್ನು ಕುದುರೆಯ ಮೇಲೂ ಕುರ್ಚಿಯ ಮೇಲೂ ಮಾತ್ರ ಕಂಡಿದ್ದ ಹಳ್ಳಿಗನು, ತನ್ನ ಪಕ್ಕದಲ್ಲಿ ನಿಂತು ಬೆವರು ಸುರಿಸುವ ಒಬ್ಬನನ್ನು ಕಂಡನು. ಮೈಮುರಿದು ದುಡಿಯುವುದು ಕೆಳಜಾತಿಯವರ ಪಾಲೆಂದು ಬಗೆದಿದ್ದ ನಮ್ಮ ಓದಿದವರೂ ಅದನ್ನು ಕಂಡರು. ಬಂದವರು ಕಂಡುದು ಇನ್ನೂ ಹೆಚ್ಚು: ಬಡತನವೆಂಬುದು ಸೋಮಾರಿತನದ ಫಲವಲ್ಲವೆಂಬುದನ್ನೂ, ಒಬ್ಬ ರೈತನ ಗುಡಿಸಲು ಎಲ್ಲಿರಬೇಕೆಂಬುದರಲ್ಲಿ ಜಮೀನುದಾರಿ, ಕಂದಾಯ, ನದಿ, ಸರ್ಕಾರಗಳೆಲ್ಲವೂ ಹೆಣೆದುಕೊಂಡಿರುವುದನ್ನೂ ಪುಸ್ತಕಗಳಿಂದಲ್ಲದೆ ಅಂಗೈಯ ಬೊಬ್ಬೆಗಳಿಂದ ತಿಳಿಯಬಹುದಾಗಿತ್ತು. ಸೇವಕನೇ ವಿದ್ಯಾರ್ಥಿ, ಹಳ್ಳಿಗನೇ ಉಪಾಧ್ಯಾಯ ಎಂಬ ಭಾವವಿದ್ದರೆ ಹಡಗಿನ ವೆಚ್ಚವು ಗುರುದಕ್ಷಿಣೆಯಾಗುವುದು. ಇಲ್ಲದಿದ್ದರೆ ಅದು ವ್ಯರ್ಥ.

ಸೆರೆಸೋಲರು ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ಸುಮ್ಮನಿರಲಿಲ್ಲ. ಅನುಮತಿಯಿಲ್ಲದೆ ಜರ್ಮನಿಯ ಗಡಿಯನ್ನು ದಾಟಿ ಸೆರೆಯನ್ನು ಅನುಭವಿಸಿದರು. ೧೯೪೫ರ ಅಕ್ಟೋಬರಿನಲ್ಲಿ ತೀರಿಕೊಂಡರು. ಶಸ್ತ್ರಕ್ಕೆ ಬದಲಾಗಿ ಸಲಿಕೆ ಹಿಡಿಯುವ ಹಕ್ಕನ್ನು ಅವರ ದೇಶವು ಕಾನೂನಿನಿಂದ ಕೊಟ್ಟುದು ೧೯೯೬ರಲ್ಲಿ, ಅವರು ಸತ್ತ ಐವತ್ತೊಂದು ವರ್ಷಗಳಿಗೆ.

ತರುವಾಯ ಈ ಪದ್ಧತಿಯು ವಿಸ್ತಾರವಾಯಿತು. ೧೯೪೮ರಲ್ಲಿ ಯುನೆಸ್ಕೋದ ಆಶ್ರಯದಲ್ಲಿ ಸ್ವಯಂಸೇವಾ ಸಂಸ್ಥೆಗಳ ಸಮನ್ವಯ ಸಮಿತಿಯೊಂದು ಹುಟ್ಟಿತು. ೧೯೬೧ರಲ್ಲಿ ಅಮೆರಿಕದ ಪೀಸ್ ಕೋರ್ ಬಂದಿತು. ವಿಸ್ತಾರದೊಡನೆ ಕೇಡೂ ಬಂದಿತು. ೧೯೬೮ರಲ್ಲಿ ಇವಾನ್ ಇಲಿಚ್ ಎಂಬ ಚಿಂತಕನು ಮೆಕ್ಸಿಕೋದಲ್ಲಿ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಮುಂದೆ ನಿಂತು, ನೋಡುವುದಕ್ಕೂ ಕಲಿಯುವುದಕ್ಕೂ ಬೇಕಾದರೆ ಬನ್ನಿ, ಉದ್ಧರಿಸುವುದಕ್ಕೆ ಬರಬೇಡಿ ಎಂಬ ಅರ್ಥದ ಕಠೋರವಾದ ಭಾಷಣ ಮಾಡಿದನು. ಇತ್ತೀಚೆಗೆ ಸೇವೆಯು ಪ್ರವಾಸದ ಸರಕಾಗಿದೆ. ಕಾಂಬೋಡಿಯ, ನೇಪಾಳಗಳಲ್ಲಿ ಪರದೇಶದ ಸೇವಾರ್ಥಿಗಳ ಹಣಕ್ಕಾಗಿ, ತಾಯಿಯೋ ತಂದೆಯೋ ಬದುಕಿರುವ ಮಕ್ಕಳನ್ನೇ ಅನಾಥಾಲಯಗಳಿಗೆ ತುಂಬಿದ ಪ್ರಕರಣಗಳು ಬಯಲಾಗಿವೆ. ಇಂತಹ ಕೃತ್ಯವನ್ನು ಆಸ್ಟ್ರೇಲಿಯದ ಪಾರ್ಲಿಮೆಂಟಿನ ವಿಚಾರಣಾ ಸಮಿತಿಯು ೨೦೧೭ರಲ್ಲಿ ದಾಸ್ಯದ ಒಂದು ಬಗೆಯೆಂದು ಎಣಿಸಿತು. ಕ್ಷುದ್ರಬುದ್ಧಿಯ ಸಂತತಿಯು ಇನ್ನೂ ನಿಂತಿಲ್ಲ.

ಆದುದರಿಂದ ನಮ್ಮ ಮನೆಗಳ ತರುಣ ತರುಣಿಯರು ಹೊರನಾಡಿನ ಸೇವೆಗೆ ಹೊರಡುವಾಗ ಹಿರಿಯರು ಅವರನ್ನು ತಡೆಯಬೇಕಾದುದಿಲ್ಲ; ಆದರೆ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಅಲ್ಲಿಯ ಜನರು ನಿಮ್ಮನ್ನು ಕರೆದಿರುವರೆ? ಅಲ್ಲಿ ನೀವು ಯಾರ ಮಾತನ್ನು ಕೇಳಿ ನಡೆಯುವಿರಿ? ನಿಮ್ಮಿಂದ ಯಾವ ಬಡವನ ಕೂಲಿಯಾದರೂ ತಪ್ಪುವುದೆ? ಬೇಡವೆಂದರೆ ಹಿಂದಿರುಗಿ ಬರುವ ವಿನಯ ನಿಮ್ಮಲ್ಲಿದೆಯೆ? ಎಸ್ನ್ ಹಳ್ಳಿಯಿಂದ ಹೊರಡಬೇಕಾದಾಗ ಸೆರೆಸೋಲರು ಸಲಿಕೆಯನ್ನು ಬಿಸುಡಲಿಲ್ಲ. ತಮ್ಮ ನಾಡಿಗೆ ಹೋಗಿ, ಹಿಮದಲ್ಲಿ ಹೂತ ಊರೊಂದನ್ನು ಅಗೆದರು. ಪರದೇಶಕ್ಕೆ ಹೋಗಲಾಗದವರಿಗೂ ಆ ದಾರಿಯು ತೆರೆದೇ ಇದೆ. ಪಕ್ಕದ ಕೇರಿಯಲ್ಲಿ ಮಳೆಗೆ ಗೋಡೆ ಬಿದ್ದ ಮನೆಯವರು ನಮಗೆ ಇನ್ನೂ ಅಪರಿಚಿತರಾಗಿದ್ದರೆ, ಲೋಕಕುಟುಂಬದ ಪಾಠವನ್ನು ಅಲ್ಲಿಂದಲೇ ಆರಂಭಿಸತಕ್ಕದ್ದು.