ಮೂಗಿನಾಚೆಯ ಉಸಿರು

ಹಳೇ ಮೈಸೂರು ಸೀಮೆಯ ಸೋಸಲೆಯ ಕಡೆ ಮುಂಗಾರು ಭತ್ತಕ್ಕೆ ಒಟ್ಲು ಬಿಡುವ ಕಾಲದಲ್ಲಿ ರೈತರ ಮನೆಯ ಮೂಲೆಯಲ್ಲೊಂದು ಗೋಣಿಮೂಟೆ ಕೂತಿರುತ್ತದೆ. ಬಿತ್ತನೆ ಭತ್ತವನ್ನು ಒಂದು ದಿನ ನೆನೆಹಾಕಿ, ನೀರು ಬಸಿದು, ಚೀಲಕ್ಕೆ ತುಂಬಿ, ಮೇಲೆ ಹುಲ್ಲು ಮುಚ್ಚಿ ಭಾರ ಹೇರಿರುತ್ತಾರೆ. ಮಾರನೆಯ ದಿನ ಅದರ ನಡುವಿಗೆ ಕೈ ತೂರಿಸಿದರೆ ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಬಿಸಿ. ಕೈ ಈಚೆ ತೆಗೆದರೆ ಬೆರಳಿಗೆಲ್ಲ ಹಬೆಯ ತೇವ, ಅಂಗೈಗೆ ಅಂಟಿದ ಕಾಳಿನಲ್ಲಿ ಬಿಳಿ ಮೊಳಕೆಯ ಮೊನೆ. ಕಾವು ಬಂತು ಎನ್ನುತ್ತಾರೆ. ಕಾವು ಹೆಚ್ಚಾದರೆ ಮೊಳಕೆ ಬೆಂದುಹೋಗುತ್ತದೆ. ಅದಕ್ಕೇ ನಡುನಡುವೆ ಬಿಚ್ಚಿ, ನೀರು ಚಿಮುಕಿಸಿ, ಮಗುಚಿ ಹಾಕುವುದು.

ಒಲೆಯಿಲ್ಲ, ಬಿಸಿಲಿಲ್ಲ. ಆ ಬಿಸಿ ಬಂದದ್ದು ಭತ್ತದ ಉಸಿರಿನಿಂದ.

ಉಸಿರು ಎಂದ ಕೂಡಲೇ ನಮ್ಮ ಕೈ ಮೂಗಿನ ಕಡೆಗೋ ಎದೆಯ ಕಡೆಗೋ ಹೋಗುತ್ತದೆ. ಆಡುಮಾತು ಅದನ್ನು ಅಲ್ಲೇ ಕಟ್ಟಿಹಾಕಿದೆ: ಬೆಟ್ಟ ಹತ್ತಿದರೆ ಏದುಸಿರು, ಸಾಲಗಾರನಿಗೆ ನಿಟ್ಟುಸಿರು, ಸಂತೆಯ ಬಸ್ಸಿನಲ್ಲಿ ಉಸಿರುಕಟ್ಟು. ಮನೆಯ ಹಿರಿಯರ ಎದುರು ಉಸಿರೆತ್ತದವರೂ ಇದ್ದಾರೆ. ಆದರೆ ಈ ಮಾತಿನ ಬೇರು ಎದೆಗೂಡಿಗಿಂತ ಆಳವಾದದ್ದು. ತಮಿಳಿನ ಉಯಿರ್, ತೆಲುಗಿನ ಉಸುರು ಇದರ ಒಡಹುಟ್ಟುಗಳು, ಎರಡಕ್ಕೂ ಜೀವ ಎಂದೇ ಅರ್ಥ. ನಮ್ಮಲ್ಲೂ ಉಸಿರು ಹೋಯಿತು ಎಂದರೆ ಹೋದದ್ದು ಗಾಳಿಯಲ್ಲ.

ಶಾಲೆಯ ವಿಜ್ಞಾನ ಪಾಠದಲ್ಲಿ ಈ ಪದದ ಬಗ್ಗೆ ಒಂದು ತಕರಾರಿದೆ. ಎದೆ ಏರಿ ಇಳಿಯುವುದೂ ಉಸಿರಾಟ, ಜೀವಕೋಶದೊಳಗೆ ಸಕ್ಕರೆ ಕರಗಿ ಶಕ್ತಿ ಹುಟ್ಟುವುದೂ ಉಸಿರಾಟ ಎಂದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ, ಎರಡನೆಯದಕ್ಕೆ ಬೇರೊಂದು ಸಂಸ್ಕೃತ ಪದವಿರಲಿ ಎಂಬುದು ಆ ತಕರಾರು. ನನಗದು ಒಪ್ಪಿಗೆಯಿಲ್ಲ. ಬೇರೆ ಪದ ಕೊಟ್ಟರೆ ಮೂಗಿಗೂ ಜೀವಕೋಶಕ್ಕೂ ಇರುವ ನಂಟೇ ಕಡಿದುಹೋಗುತ್ತದೆ. ಮೂಗು ಬರೀ ಹೆಬ್ಬಾಗಿಲು. ಒಳಗೆ ಬಂದ ಆಮ್ಲಜನಕಕ್ಕೆ ಕೆಲಸವಿರುವುದು ಜೀವಕೋಶದ ಮೈಟೋಕಾಂಡ್ರಿಯದಲ್ಲಿ. ತಿಂದ ಮುದ್ದೆಯ ಪಿಷ್ಟ ಗ್ಲೂಕೋಸ್ ಆಗಿ, ಜೀವಕೋಶದ ರಸದಲ್ಲಿ ಎರಡು ತುಂಡಾಗಿ, ಮೈಟೋಕಾಂಡ್ರಿಯಕ್ಕೆ ಹೋಗಿ ಹಂತ ಹಂತವಾಗಿ ಬಿಚ್ಚಿಕೊಳ್ಳುತ್ತದೆ. ಅದರಿಂದ ಕಿತ್ತ ಎಲೆಕ್ಟ್ರಾನ್‌ಗಳು ಕೈಯಿಂದ ಕೈಗೆ ದಾಟಿ ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಈ ದಾಟುವಿಕೆಯಲ್ಲಿ ಬಿಡುಗಡೆಯಾದ ಶಕ್ತಿಯನ್ನು ಎಟಿಪಿ ಎಂಬ ಅಣು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಗ್ಲೂಕೋಸ್‌ಗೆ ಸುಮಾರು 30 ಎಟಿಪಿ. 1929ರಲ್ಲಿ ಆ ಅಣುವನ್ನು ಗುರುತಿಸಿದವರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ಅವರ ಹೆಸರನ್ನು ನಮ್ಮ ಮಕ್ಕಳಿಗೆ ಹೇಳಿಕೊಡಲೇಬೇಕು.

ಸಕ್ಕರೆಯ ಶಕ್ತಿಯಲ್ಲಿ ಎಟಿಪಿಗೆ ಸಿಕ್ಕುವುದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಶಾಖವಾಗಿ ಹೊರಡುತ್ತದೆ. ನಮ್ಮ ಮೈ ಬೆಚ್ಚಗಿರುವುದು, ಆ ಗೋಣಿಮೂಟೆ ಬಿಸಿಯಾಗುವುದು ಎರಡೂ ಅದರಿಂದಲೇ.

ಸಂಸ್ಕೃತದ ಪ್ರಾಣ ಎಂಬ ಮಾತಿಗೆ ಇಷ್ಟೆಲ್ಲ ಹಿಡಿಸುವ ಅಗಲ ಮೊದಲಿನಿಂದಲೂ ಇತ್ತು. ಸೋಸಲೆಯ ವ್ಯಾಸರಾಜ ಮಠದ ಪರಂಪರೆಯಲ್ಲಿ ಹನುಮಂತನನ್ನು ಮುಖ್ಯಪ್ರಾಣ ಎಂದು ಕರೆಯುತ್ತಾರೆ. ಮಠಕ್ಕೆ ಹೆಸರು ಕೊಟ್ಟ ವ್ಯಾಸತೀರ್ಥರು ಹಂಪಿಯಲ್ಲಿ ಯಂತ್ರೋದ್ಧಾರಕ ಹನುಮನನ್ನು ಪ್ರತಿಷ್ಠಾಪಿಸಿದವರು. ಶಾಸ್ತ್ರದ ಪ್ರಾಣ ಐದು ಬಗೆ. ಅದರಲ್ಲಿ ವ್ಯಾನ ಮೈಯೆಲ್ಲ ವ್ಯಾಪಿಸಿರುವಂಥದ್ದು, ಸಮಾನ ಉಂಡದ್ದನ್ನು ಅರಗಿಸುವಂಥದ್ದು. ಇದು ಜೀವರಸಾಯನ ವಿಜ್ಞಾನವಲ್ಲ, ಅದರ ಬದಲಿಗೆ ಇದನ್ನು ಇಡಲೂ ಬಾರದು. ಆದರೆ ಉಸಿರು ಮೂಗಿನಲ್ಲೇ ಮುಗಿಯುವುದಿಲ್ಲ, ಅನ್ನದ ಜೊತೆಗೆ ಅದಕ್ಕೆ ಲೆಕ್ಕಾಚಾರವಿದೆ ಎಂಬುದನ್ನು ಈ ನೆಲದ ಜನ ಕೇಳುತ್ತಲೇ ಬಂದಿದ್ದಾರೆ.

ಕಾಳಿನ ಉಸಿರಿಗೆ ಹೆದರಿ ಬಾಳಿದವರೂ ಇದೇ ಸೀಮೆಯವರು. ಹಳೇ ಮೈಸೂರಿನಲ್ಲಿ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಕಿರಿದಾದ ಬಾಯಿ, ಒಳಗೆ ಗುಡಾಣದಂತೆ ಅಗಲವಾದ ಹೊಟ್ಟೆ, ಸುತ್ತ ಹುಲ್ಲು, ಮೇಲೆ ಚಪ್ಪಡಿ, ಅದರ ಮೇಲೆ ಮಣ್ಣು. ಒಳಗಿನ ಕಾಳೂ ಕಾಳಿನ ಜೊತೆ ಹೋದ ಹುಳುವೂ ಉಸಿರಾಡಿ ಆಮ್ಲಜನಕವನ್ನು ತೀರಿಸಿಬಿಡುತ್ತಿದ್ದವು. ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತಿತ್ತು. ಹುಳು ಸಾಯುತ್ತಿತ್ತು, ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಆದರೆ ಬಾಯಿ ತೆರೆದ ಕೂಡಲೇ ಇಳಿದ ಮನುಷ್ಯ ಮೇಲೆ ಬರುತ್ತಿರಲಿಲ್ಲ. ಅದಕ್ಕೇ ಮೊದಲು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಡುತ್ತಿದ್ದರು. ದೀಪ ನಂದಿದರೆ ಯಾರೂ ಇಳಿಯುವಂತಿಲ್ಲ. ಹದಿನೆಂಟನೆಯ ಶತಮಾನದ ಕೊನೆಗೆ ಪ್ಯಾರಿಸ್‌ನಲ್ಲಿ ರಸಾಯನ ವಿಜ್ಞಾನಿ ಲವಾಸಿಯೆ, ಗಿನಿ ಇಲಿಯ ಮೈಶಾಖಕ್ಕೆ ಎಷ್ಟು ಹಿಮ ಕರಗಿತೆಂದು ಅಳೆದು, ಉಸಿರಾಟ ಒಂದು ನಿಧಾನದ ಉರಿ ಎಂದ. ದೀಪಕ್ಕೆ ಬೇಕಾದದ್ದೇ ಜೀವಕ್ಕೂ ಬೇಕು ಎಂಬುದು ಹಗೇವಿನ ಬಾಯಲ್ಲಿ ನಿಂತವರಿಗೆ ಬದುಕಿನ ಪಾಠವಾಗಿತ್ತು.

ಗೋಡೆಗಳ ಮೇಲೆ ಹಸಿರೇ ಉಸಿರು ಎಂದು ಬರೆದಿರುವುದನ್ನು ಎಲ್ಲ ಊರಲ್ಲೂ ನೋಡುತ್ತೇವೆ. ಒಳ್ಳೆಯ ಮಾತು, ಆದರೆ ಅರ್ಧದಲ್ಲೇ ನಿಲ್ಲುತ್ತದೆ. ಗಿಡ ನಮಗೆ ಉಸಿರು ಕೊಡುತ್ತದೆ ಎಂದು ತಿಳಿದ ಮಗು, ಗಿಡವೂ ಹಗಲಿರುಳು ಉಸಿರಾಡುತ್ತದೆ ಎಂಬುದನ್ನು ಮರೆಯುತ್ತದೆ. ಕೊಯ್ದ ಬಾಳೆಗೊನೆಯೂ ಉಸಿರಾಡುತ್ತದೆ. ನಂಜನಗೂಡು ರಸಬಾಳೆ ಹಣ್ಣಾಗುವಾಗ ಅದರ ಉಸಿರಾಟ ಒಮ್ಮೆಗೇ ಏರುತ್ತದೆ, ಅದೇ ಹೊತ್ತಿಗೆ ಪಿಷ್ಟ ಸಕ್ಕರೆಯಾಗುತ್ತದೆ.

ಹಳಗನ್ನಡದಲ್ಲಿ ಉಸಿರ್ ಎಂಬುದಕ್ಕೆ ಇನ್ನೊಂದು ಕೆಲಸವೂ ಇತ್ತು: ಹೇಳು, ನುಡಿ ಎಂಬ ಕ್ರಿಯಾಪದ. ಉಸಿರ್ದನು ಎಂದರೆ ಹೇಳಿದನು. ಕನ್ನಡದ ಮಾತೆಲ್ಲ ಹೊರಹೋಗುವ ಉಸಿರಿನ ಮೇಲೆಯೇ ಸಾಗುತ್ತದೆ. ಒಳಕ್ಕೆ ಎಳೆದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ 0.04ರಷ್ಟು, ಹೊರಬಿಟ್ಟದ್ದರಲ್ಲಿ ಸುಮಾರು 4ರಷ್ಟು. ಹೆಚ್ಚಿಗೆ ಸೇರಿದ ಆ ಇಂಗಾಲ ನಾವು ಉಂಡ ರಾಗಿಯದು, ಅನ್ನದ್ದು. ಕೋಟ್ಯಂತರ ಜೀವಕೋಶಗಳು ಬಿಚ್ಚಿ ರಕ್ತಕ್ಕೆ ಬಿಟ್ಟದ್ದು. ಅದರ ಜೊತೆಗೇ ನಾವು ಆಡಿದ ಮಾತೂ ಹೊರಬರುತ್ತದೆ.