ನುಗ್ಗೆ

ಮೊರಿಂಗೇಸೀ ಕುಟುಂಬದ, ಬೇಗ ಬೆಳೆಯುವ ಸಣ್ಣ ಮರ (ಮೊರಿಂಗ ಒಲಿಫೆರ). ಮೂಲ ನೆಲೆ ಹಿಮಾಲಯದ ತಪ್ಪಲು. ಕನ್ನಡ, ತೆಲುಗು ಎರಡೂ ನಡೆಯುವ ರಾಯದುರ್ಗ, ಮಡಕಶಿರಾ ಗಡಿಸೀಮೆಯಲ್ಲಿ ಇದು ಒಬ್ಬರ ಬಾಯಲ್ಲಿ ನುಗ್ಗೆ, ಇನ್ನೊಬ್ಬರ ಬಾಯಲ್ಲಿ ಮುನಗ. ಕೊಂಬೆ ಪೆಡಸು, ಹತ್ತಿದವರ ಭಾರಕ್ಕೆ ಮುರಿದು ಬೀಳಿಸುತ್ತದೆ; ಅದಕ್ಕೇ ಹೊಗಳಿ ಉಬ್ಬಿಸುವುದಕ್ಕೆ ತೆಲುಗಿನಲ್ಲಿ ‘ಮುನಗ ಮರ ಹತ್ತಿಸುವುದು’ ಎನ್ನುತ್ತಾರೆ.

ಬೇರು: ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಯುರೋಪಿಯನ್ನರು ಎಳೆಯ ಗಿಡದ ಬೇರನ್ನು ತುರಿದು, ತಮ್ಮ ನಾಡಿನ ಹಾರ್ಸ್‌ರ‍್ಯಾಡಿಶ್ ಬೇರಿನ ಬದಲು ಮಾಂಸದೂಟಕ್ಕೆ ನಂಜಿಕೊಳ್ಳುತ್ತಿದ್ದರು. ‘ಹಾರ್ಸ್‌ರ‍್ಯಾಡಿಶ್ ಮರ’ ಎಂಬ ಇಂಗ್ಲಿಷ್ ಹೆಸರು ಬಂದದ್ದು ಹೀಗೆ. ಹಾರ್ಸ್‌ರ‍್ಯಾಡಿಶ್ (ಆರ್ಮೊರೇಸಿಯ ರಸ್ಟಿಕಾನ) ಸಾಸಿವೆಯ ಕುಟುಂಬದ ಬಹುವಾರ್ಷಿಕ ಗಿಡ. ನುಗ್ಗೆಯೂ ಅದೂ ಬ್ರಾಸಿಕೇಲ್ಸ್ ಗಣದವು. ಇಡಿಯಾಗಿದ್ದಾಗ ಹಾರ್ಸ್‌ರ‍್ಯಾಡಿಶ್ ಬೇರಿಗೆ ಅಷ್ಟು ವಾಸನೆಯಿಲ್ಲ. ತುರಿದಾಗ ಜೀವಕೋಶಗಳು ಒಡೆದು, ಮೈರೊಸಿನೇಸ್ ಕಿಣ್ವವು ಗ್ಲುಕೊಸಿನೊಲೇಟ್‌ಗಳನ್ನು ಐಸೊಥಯೊಸಯನೇಟ್‌ಗಳಾಗಿ ಸೀಳುತ್ತದೆ. ಘಾಟು ಮೂಗಿಗೇರಿ ಕಣ್ಣಲ್ಲಿ ನೀರು ಬರುತ್ತದೆ. ನುಗ್ಗೆ ಬೇರಿನ ತೊಗಟೆಯಲ್ಲಿ ವಿಷಕಾರಿ ಆಲ್ಕಲಾಯ್ಡ್‌ಗಳಿರುವುದರಿಂದ ಆ ತೊಗಟೆ ತಿನ್ನಲು ತಕ್ಕದ್ದಲ್ಲ.

ಅಡುಗೆ: ಕಾಯಿಯನ್ನು ಬೆರಳುದ್ದ ತುಂಡು ಮಾಡಿ, ನಾರು ಸುಲಿದು, ತೊಗರಿಬೇಳೆಯೊಡನೆ ಸಾರು ಮಾಡುತ್ತಾರೆ. ಬೆಂದ ತುಂಡನ್ನು ಸೀಳಿ ಒಳಗಿನ ತಿರುಳನ್ನು ಹಲ್ಲಿನಿಂದ ಎಳೆದು, ಸಿಪ್ಪೆಯನ್ನು ತಟ್ಟೆಯಂಚಿಗಿಡುವುದು ವಾಡಿಕೆ. ಸೊಪ್ಪಿನ ಪಲ್ಯ, ಸಾರು ರಾಗಿಮುದ್ದೆಗೆ ಒಳ್ಳೆಯ ಜೊತೆ.

ತಳಿಗಳು: ತಮಿಳುನಾಡಿನ ಪೆರಿಯಕುಲಂನ ಪಿಕೆಎಂ-1, ಕರ್ನಾಟಕದ ಭಾಗ್ಯ.