ಫಾರ್ಮಸಿ ಓದಲು ಪುಣೆಗೆ ಹೊರಟಿದ್ದೀರಾ? ಮೆಡಿಕಲ್ ಸ್ಟೋರ್ ಅನುಭವವೊಂದೇ ಸಾಕೇ? ಕೋರ್ಸ್, ಪ್ರವೇಶ, ನೋಂದಣಿ ಬಗ್ಗೆ ಇಲ್ಲಿದೆ ಮಾಹಿತಿ

ಪಿಯುಸಿ ವಿಜ್ಞಾನ ಮುಗಿಸಿದವರಿಗೆ ಬೇಗ ಕೆಲಸ ಸಿಗುವ ಓದುಗಳಲ್ಲಿ ಫಾರ್ಮಸಿಯೂ ಒಂದು. ಉತ್ತರ ಕರ್ನಾಟಕದ ಅನೇಕರು ಇದಕ್ಕಾಗಿ ಪುಣೆಯತ್ತ ಮುಖ ಮಾಡುತ್ತಾರೆ. ಕೆಲವರು ಕಾಲೇಜು ಸೇರಿದರೆ, ಇನ್ನು ಕೆಲವರು ನೇರವಾಗಿ ಮೆಡಿಕಲ್ ಸ್ಟೋರ್ ಕೌಂಟರ್‌ನಲ್ಲಿ ಕೆಲಸಕ್ಕೆ ನಿಲ್ಲುತ್ತಾರೆ. ಆದರೆ ಕೌಂಟರ್‌ನಲ್ಲಿ ಹತ್ತು ವರ್ಷ ದುಡಿದರೂ, ಓದು ಮತ್ತು ನೋಂದಣಿ ಇಲ್ಲದೆ ಕಾನೂನಿನ ಪ್ರಕಾರ ಯಾರೂ ಫಾರ್ಮಾಸಿಸ್ಟ್ ಆಗುವುದಿಲ್ಲ. ಈ ವ್ಯತ್ಯಾಸವನ್ನು ಮೊದಲೇ ತಿಳಿದುಕೊಂಡರೆ ಹಣ, ಸಮಯ ಎರಡೂ ಉಳಿಯುತ್ತವೆ.

ಕಾತ್ರಜ ಏಕೆ?

ಬೆಳಗಾವಿ, ಕೊಲ್ಹಾಪುರ, ಸಾತಾರಾ ಮಾರ್ಗವಾಗಿ ಹೆದ್ದಾರಿಯಲ್ಲಿ ಬರುವವರಿಗೆ ಘಾಟ್ ಇಳಿದ ಮೇಲೆ ಪುಣೆ ನಗರದ ದಕ್ಷಿಣ ಬಾಗಿಲಿನಂತೆ ಸಿಗುವ ಪ್ರದೇಶ ಕಾತ್ರಜ. ಇದಕ್ಕೆ ಹೊಂದಿಕೊಂಡ ಧನಕವಡಿಯಲ್ಲಿ ಭಾರತಿ ವಿದ್ಯಾಪೀಠದ ದೊಡ್ಡ ಕ್ಯಾಂಪಸ್ ಮತ್ತು ಭಾರತಿ ಆಸ್ಪತ್ರೆ ಇವೆ. ಪತಂಗರಾವ್ ಕದಮ್ 1964ರಲ್ಲಿ ಕಟ್ಟಿದ ಸಂಸ್ಥೆ ಇದು. ಹೊಸಬರು ಒಂದು ವಿಷಯ ಗಮನಿಸಬೇಕು. ಈ ಸಂಸ್ಥೆಯ ಪೂನಾ ಕಾಲೇಜ್ ಆಫ್ ಫಾರ್ಮಸಿ ಇರುವುದು ಕಾತ್ರಜದಲ್ಲಿ ಅಲ್ಲ, ನಗರದ ಎರಂಡವಣೆಯಲ್ಲಿ. ಸಿಂಹಗಡ ಸಂಸ್ಥೆಯ ಫಾರ್ಮಸಿ ಕಾಲೇಜು ಕಾತ್ರಜಕ್ಕೆ ಸಮೀಪದ ವಡಗಾಂವ್ ಬುದ್ರುಕ್‌ನಲ್ಲಿದೆ. ರೂಮ್ ಹಿಡಿಯುವ ಮುನ್ನ ಕಾಲೇಜಿನ ವಿಳಾಸ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

'ಫಾರ್ಮಸಿ ಟೆಕ್ನಿಷಿಯನ್' ಎಂದರೆ ಯಾರು?

ವಿದೇಶಗಳಲ್ಲಿ ಫಾರ್ಮಾಸಿಸ್ಟ್ ಮೇಲ್ವಿಚಾರಣೆಯಲ್ಲಿ ಔಷಧ ಎಣಿಸುವ, ಲೇಬಲ್ ಅಂಟಿಸುವ, ದಾಸ್ತಾನು ನೋಡಿಕೊಳ್ಳುವ ಸಿಬ್ಬಂದಿಯನ್ನು ಟೆಕ್ನಿಷಿಯನ್ ಎನ್ನುತ್ತಾರೆ. ಬ್ರಿಟನ್‌ನಲ್ಲಿ 2011ರಿಂದ ಇವರಿಗೂ ನೋಂದಣಿ ಕಡ್ಡಾಯ. ಅಮೆರಿಕದಲ್ಲಿ ಇವರಿಗೆಂದೇ ಪ್ರತ್ಯೇಕ ಪ್ರಮಾಣೀಕರಣ ಪರೀಕ್ಷೆ ಇದೆ.

ಭಾರತದ ಫಾರ್ಮಸಿ ಕಾಯ್ದೆ 1948ರಲ್ಲಿ ಟೆಕ್ನಿಷಿಯನ್ ಎಂಬ ನೋಂದಣಿ ವರ್ಗವೇ ಇಲ್ಲ. ಇಲ್ಲಿರುವುದು 'ನೋಂದಾಯಿತ ಫಾರ್ಮಾಸಿಸ್ಟ್' ಮಾತ್ರ. ಕೌಶಲ್ಯಾಭಿವೃದ್ಧಿ ಯೋಜನೆಗಳಡಿ 'ಫಾರ್ಮಸಿ ಅಸಿಸ್ಟೆಂಟ್' ತರಬೇತಿ ನೀಡಲಾಗುತ್ತದೆ. ಅದು ಸಹಾಯಕನ ಕೆಲಸಕ್ಕೆ ಉಪಯೋಗಕ್ಕೆ ಬರುತ್ತದೆ, ನೋಂದಣಿಗೆ ಅಲ್ಲ.

ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ವೈದ್ಯರ ಚೀಟಿ ನೋಡಿ ಔಷಧ ತಯಾರಿಸಿ, ಬೆರೆಸಿ ಕೊಡುವ ಅಧಿಕಾರ ನೋಂದಾಯಿತ ಫಾರ್ಮಾಸಿಸ್ಟ್‌ಗೆ ಮಾತ್ರ ಇದೆ. ಚೀಟಿಯ ಮೇಲಿನ ಮಾರಾಟ ಅವರಿಂದ ಅಥವಾ ಅವರ ಖುದ್ದು ಮೇಲ್ವಿಚಾರಣೆಯಲ್ಲೇ ನಡೆಯಬೇಕು ಎಂದು ಔಷಧ ನಿಯಮಗಳು ಹೇಳುತ್ತವೆ. 42ನೇ ಸೆಕ್ಷನ್ ಉಲ್ಲಂಘನೆಗೆ ಮೊದಲು 6 ತಿಂಗಳ ಜೈಲು ಅಥವಾ 1,000 ರೂ. ದಂಡ ಇತ್ತು. 2023ರ ಜನ ವಿಶ್ವಾಸ್ ಕಾಯ್ದೆಯ ಬಳಿಕ ಅದು 3 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ ಎಂದು ಬದಲಾಗಿದೆ.

ಯಾವ ಕೋರ್ಸ್, ಎಷ್ಟು ವರ್ಷ?

* ಡಿ.ಫಾರ್ಮ್: 2 ವರ್ಷದ ಡಿಪ್ಲೊಮಾ. ಇದರ ಜತೆಗೆ ಆಸ್ಪತ್ರೆ ಅಥವಾ ಔಷಧ ಅಂಗಡಿಯಲ್ಲಿ ಕನಿಷ್ಠ 3 ತಿಂಗಳ ಅವಧಿಯಲ್ಲಿ 500 ಗಂಟೆಗಳ ಪ್ರಾಯೋಗಿಕ ತರಬೇತಿ ಕಡ್ಡಾಯ.

* ಬಿ.ಫಾರ್ಮ್: 4 ವರ್ಷ, 8 ಸೆಮಿಸ್ಟರ್. ಡಿ.ಫಾರ್ಮ್ ಪಾಸಾದವರು ನೇರವಾಗಿ 2ನೇ ವರ್ಷಕ್ಕೆ ಸೇರಬಹುದು.

* ಫಾರ್ಮ್.ಡಿ: 6 ವರ್ಷ. ಕೊನೆಯ ವರ್ಷ ಇಂಟರ್ನ್‌ಶಿಪ್. ದೇಶದಲ್ಲಿ 2008ರಲ್ಲಿ ಆರಂಭವಾದ ಕೋರ್ಸ್ ಇದು.

ಮೂರಕ್ಕೂ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜತೆ ಜೀವಶಾಸ್ತ್ರ ಅಥವಾ ಗಣಿತ ಓದಿರಬೇಕು. ಡಿ.ಫಾರ್ಮ್‌ನ ಮೊದಲ ವರ್ಷ ಫಾರ್ಮಾಸ್ಯೂಟಿಕ್ಸ್, ಔಷಧ ರಸಾಯನಶಾಸ್ತ್ರ, ಅಂಗರಚನೆ ಮುಂತಾದ ವಿಷಯಗಳಿರುತ್ತವೆ. ಎರಡನೇ ವರ್ಷ ಫಾರ್ಮಕಾಲಜಿ, ಆಸ್ಪತ್ರೆ ಫಾರ್ಮಸಿ, ಫಾರ್ಮಸಿ ಕಾನೂನು ಬರುತ್ತವೆ.

ಪ್ರವೇಶ ಹೇಗೆ?

ಕರ್ನಾಟಕದಲ್ಲಿ ಬಿ.ಫಾರ್ಮ್ ಮತ್ತು ಫಾರ್ಮ್.ಡಿ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿ ಬರೆಯಬೇಕು. ಮಹಾರಾಷ್ಟ್ರದಲ್ಲಿ ಬಿ.ಫಾರ್ಮ್‌ಗೆ ಎಂಎಚ್‌ಟಿ-ಸಿಇಟಿ ಇದೆ. ಅಲ್ಲಿನ ಡಿ.ಫಾರ್ಮ್ ಸೀಟುಗಳು 12ನೇ ತರಗತಿಯ ಅಂಕಗಳ ಆಧಾರದಲ್ಲಿ ಹಂಚಿಕೆಯಾಗುತ್ತವೆ. ಡೀಮ್ಡ್ ವಿಶ್ವವಿದ್ಯಾಲಯಗಳ ಪ್ರವೇಶ ಕ್ರಮ ಬೇರೆ. ಹೊರರಾಜ್ಯದವರಿಗೆ ಇರುವ ಸೀಟುಗಳ ಮಿತಿಯನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲೇ ನೋಡಬೇಕು.

ಹಗಲು ಅಂಗಡಿಯಲ್ಲಿ ದುಡಿದು, ಮನೆಯಲ್ಲೇ ಓದಿ ಡಿಪ್ಲೊಮಾ ಪಡೆಯಬಹುದು ಎಂಬ ಮಾತಿಗೆ ಮರುಳಾಗಬೇಡಿ. ದೂರಶಿಕ್ಷಣದ ಡಿ.ಫಾರ್ಮ್‌ಗೆ ಭಾರತೀಯ ಫಾರ್ಮಸಿ ಪರಿಷತ್ತಿನ (ಪಿಸಿಐ) ಮಾನ್ಯತೆ ಇಲ್ಲ. ತರಗತಿ ಹಾಜರಾತಿ ಕಡ್ಡಾಯ. ಹೀಗಾಗಿ ಓದುವಾಗ ಕೆಲಸ ಮಾಡಲೇಬೇಕಾದವರು ಸಂಜೆ ಪಾಳಿಯ ಸಹಾಯಕ ಕೆಲಸ ನೋಡಿಕೊಳ್ಳುವುದು ಸೂಕ್ತ.

ಓದು ಮುಗಿದ ಮೇಲೆ ನೋಂದಣಿ

ಪದವಿ ಅಥವಾ ಡಿಪ್ಲೊಮಾ ಕೈಗೆ ಬಂದರೆ ಸಾಲದು, ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ವಾಸ ಅಥವಾ ವೃತ್ತಿ ಇರುವ ರಾಜ್ಯದಲ್ಲಿ ನೋಂದಣಿ ಮಾಡಿಸುವುದು ನಿಯಮ. ಪುಣೆಯಲ್ಲಿ ಓದಿದವರು ಊರಿಗೆ ಮರಳಿದರೆ ಕರ್ನಾಟಕದ ಪರಿಷತ್ತಿಗೆ ಅರ್ಜಿ ಹಾಕಬಹುದು. ಮಹಾರಾಷ್ಟ್ರದಲ್ಲಿ ಈಗಾಗಲೇ ನೋಂದಣಿ ಆಗಿದ್ದರೂ, ಬೇರೆ ರಾಜ್ಯದ ನೋಂದಾಯಿತರಿಗೆ ಇಲ್ಲಿ ನೋಂದಣಿ ಪಡೆಯಲು ಕಾಯ್ದೆಯ 32ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ.

ಡಿ.ಫಾರ್ಮ್ ಮುಗಿಸಿದವರಿಗೆ ನಿರ್ಗಮನ ಪರೀಕ್ಷೆ ನಡೆಸಲು ಪಿಸಿಐ 2022ರಲ್ಲಿ ನಿಯಮ ರೂಪಿಸಿದೆ. ಇದರಲ್ಲಿ ಬಹು ಆಯ್ಕೆ ಪ್ರಶ್ನೆಗಳ ಮೂರು ಪತ್ರಿಕೆಗಳಿದ್ದು, ಪ್ರತಿ ಪತ್ರಿಕೆಯಲ್ಲೂ ಕನಿಷ್ಠ ಶೇ. 50 ಅಂಕ ಬೇಕು. ನಿಮ್ಮ ಬ್ಯಾಚ್‌ಗೆ ಇದು ಅನ್ವಯವೇ ಎಂದು ಪ್ರವೇಶದ ಸಮಯದಲ್ಲೇ ಕೇಳಿಕೊಳ್ಳಿ.

ಕೌಂಟರ್‌ನಲ್ಲಿ ಏನು ಜವಾಬ್ದಾರಿ?

ಚೀಟಿ ಓದುವುದು, ಡೋಸ್ ಪರಿಶೀಲಿಸುವುದು, ಅವಧಿ ಮುಗಿದ ಔಷಧ ಬೇರ್ಪಡಿಸುವುದು, ಇನ್ಸುಲಿನ್‌ನಂಥವನ್ನು ಫ್ರಿಜ್‌ನಲ್ಲಿ ಇಡುವುದು ನಿತ್ಯದ ಕೆಲಸ. ಕೆಲವು ಆಂಟಿಬಯೋಟಿಕ್, ಕ್ಷಯ ಮತ್ತು ನಿದ್ರೆಯ ಔಷಧಗಳು 'ಶೆಡ್ಯೂಲ್ ಎಚ್1' ಪಟ್ಟಿಯಲ್ಲಿವೆ. ಇವುಗಳನ್ನು ಮಾರಿದಾಗ ವೈದ್ಯರು, ರೋಗಿ, ಔಷಧ, ಪ್ರಮಾಣದ ವಿವರವನ್ನು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಕಾಪಾಡಬೇಕು. ಹೆಸರು ಒಂದೇ ರೀತಿ ಕೇಳಿಸುವ ಮಾತ್ರೆಗಳು ಅದಲು ಬದಲಾದರೆ ರೋಗಿಯ ಜೀವಕ್ಕೇ ಅಪಾಯ. ಕಾನೂನು ಫಾರ್ಮಾಸಿಸ್ಟ್ ಇರಲೇಬೇಕು ಎನ್ನುವುದು ಇದೇ ಕಾರಣಕ್ಕೆ.

ಅನುಭವಕ್ಕೆ ಬೆಲೆ ಎಲ್ಲಿ?

ಸಗಟು ಔಷಧ ಮಾರಾಟದಲ್ಲಿ ಅನುಭವ ಲೆಕ್ಕಕ್ಕೆ ಬರುತ್ತದೆ. ಮೆಟ್ರಿಕ್ ಪಾಸಾಗಿ ಔಷಧ ಮಾರಾಟದಲ್ಲಿ 4 ವರ್ಷ ಅನುಭವ ಇರುವವರು, ಅಥವಾ ಪದವಿ ಜತೆ 1 ವರ್ಷ ಅನುಭವ ಇರುವವರು ಸಗಟು ಲೈಸೆನ್ಸ್‌ಗೆ 'ಸಮರ್ಥ ವ್ಯಕ್ತಿ' ಆಗಬಹುದು. ಚಿಲ್ಲರೆ ಅಂಗಡಿಗೆ ಈ ದಾರಿ ಇಲ್ಲ. ಜನೌಷಧಿ ಕೇಂದ್ರ ತೆರೆಯಲೂ ಫಾರ್ಮಸಿ ಓದಿದವರು ಬೇಕು, ಇಲ್ಲವೇ ಅಂಥವರನ್ನು ನೇಮಿಸಿಕೊಳ್ಳಬೇಕು.

ಇದರಿಂದಾಗಿ ಕೆಲವೆಡೆ ಫಾರ್ಮಾಸಿಸ್ಟ್ ಪ್ರಮಾಣಪತ್ರವನ್ನು ಬಾಡಿಗೆಗೆ ಪಡೆಯುವ ಪರಿಪಾಠವಿದೆ. ಕೆಲಸಕ್ಕೆ ಹಾಜರಾಗದೆ ಪ್ರಮಾಣಪತ್ರ ಕೊಡುವುದು 2015ರ ಫಾರ್ಮಸಿ ವೃತ್ತಿ ನಿಯಮಗಳಡಿ ದುರ್ನಡತೆ. ತಿಂಗಳಿಗೆ ಸಿಗುವ ಸಣ್ಣ ಮೊತ್ತಕ್ಕಾಗಿ ಓದಿ ಗಳಿಸಿದ ನೋಂದಣಿಯನ್ನೇ ಕಳೆದುಕೊಳ್ಳಬೇಕಾದೀತು.

ಶುಲ್ಕ ಕಟ್ಟುವ ಮುನ್ನ ಇವನ್ನು ಪರಿಶೀಲಿಸಿ

* ಕಾಲೇಜು ಮತ್ತು ಕೋರ್ಸ್ ಎರಡಕ್ಕೂ ಆ ವರ್ಷಕ್ಕೆ ಪಿಸಿಐ ಅನುಮೋದನೆ ಇದೆಯೇ? ಪಿಸಿಐ ವೆಬ್‌ಸೈಟ್‌ನ ಪಟ್ಟಿಯಲ್ಲೇ ನೋಡಿ, ಏಜೆಂಟರ ಮಾತು ನಂಬಬೇಡಿ.

* 500 ಗಂಟೆಗಳ ತರಬೇತಿ ಎಲ್ಲಿ ನಡೆಯುತ್ತದೆ? ಪ್ರಮಾಣಪತ್ರ ಯಾರು ಕೊಡುತ್ತಾರೆ?

* ಮೂಲ ಅಂಕಪಟ್ಟಿ, ತರಬೇತಿ ಪ್ರಮಾಣಪತ್ರ, ವಾಸದ ದಾಖಲೆಗಳನ್ನು ಜೋಪಾನವಾಗಿಡಿ. ನೋಂದಣಿ ವೇಳೆ ಇವೇ ಬೇಕಾಗುತ್ತವೆ.

* ನೋಂದಣಿ ಆದ ಮೇಲೆ ನವೀಕರಣದ ದಿನಾಂಕ ಮರೆಯಬೇಡಿ.